ರೋಗಿಯ ರಕ್ತದಲ್ಲಿ ಸ್ಟ್ಯಾಟ್ ಸಿಗ್ನಲ್ ಅಳೆಯುವ ಕೆಲಸ: ಲ್ಯಾಬಿಗೆ ಹೊಸಬರಾದವರಿಗೆ

ನಮ್ಮ ಲ್ಯಾಬಿಗೆ ಸೇರಿದವರ ಕೈಗೆ ನಾನು ಮೊದಲಿಗೇ ಪಿಪೆಟ್ ಕೊಡುವುದಿಲ್ಲ, ರೋಗಿಗಳ ಔಷಧಿ ಪಟ್ಟಿ ಕೊಟ್ಟು ಓದಿ ಅನ್ನುತ್ತೇನೆ. ಅವರಿಗೆ ಬೇಸರವಾಗುತ್ತದೆ, ಗೊತ್ತು. ಆದರೆ ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್, ಟೈಪ್ 1 ಮಧುಮೇಹದಂಥ ಆಟೊಇಮ್ಯೂನ್ ಕಾಯಿಲೆಗಳಲ್ಲಿ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ದೇಹದ ಮೇಲೆ ತಿರುಗಿಬೀಳುವಂಥವು) ಕೋಶಗಳ ಸಿಗ್ನಲಿಂಗ್ ಅಳೆಯಲು ಹೊರಟವರಿಗೆ ರೋಗಿಗೂ ಆರೋಗ್ಯವಂತರಿಗೂ ನಡುವೆ ಏನಾದರೊಂದು ವ್ಯತ್ಯಾಸ ಕಂಡೇ ಕಾಣುತ್ತದೆ. ಅದು ಕಾಯಿಲೆಯಿಂದಲೇ ಬಂತೋ, ಔಷಧಿಯಿಂದ ಬಂತೋ, ರಕ್ತ ಟ್ಯೂಬಿನಲ್ಲಿ ಕಾದು ಕೂತ ಹೊತ್ತಿನಿಂದ ಬಂತೋ, ಕೋಶಗಳ ಪ್ರಮಾಣ ಏರುಪೇರಾದದ್ದರಿಂದ ಬಂತೋ ಎಂದು ಬೇರ್ಪಡಿಸುವುದೇ ನಿಜವಾದ ಕೆಲಸ. ಪ್ರೋಟೊಕಾಲ್ ಹಾಳೆಗಳಲ್ಲಿ ಇದಕ್ಕೆ ಜಾಗವಿರುವುದಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ವಿಧಾನ ಫಾಸ್ಫೊ-ಫ್ಲೋ. ಕೋಶಗಳಿಗೆ ಸೈಟೊಕೈನ್ (ಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವ ಪ್ರೋಟೀನ್) ಕೊಟ್ಟು, ಕೆಲವೇ ನಿಮಿಷಗಳಲ್ಲಿ ಅವನ್ನು ಇದ್ದಂತೆಯೇ ಸ್ಥಿರಗೊಳಿಸಿ, ಒಳಗಿನ ಸ್ಟ್ಯಾಟ್ ಪ್ರೋಟೀನ್‌ಗೆ ಫಾಸ್ಫೇಟ್ ಎಷ್ಟು ಬಿದ್ದಿದೆ ಎಂದು ಫ್ಲೋ ಸೈಟೊಮೀಟರಿನಲ್ಲಿ (ಕೋಶಗಳ ಮೇಲೆ ಲೇಸರ್ ಹಾಯಿಸಿ ಬಣ್ಣ ಅಳೆಯುವ ಯಂತ್ರ) ಒಂದೊಂದು ಕೋಶವಾಗಿ ನೋಡುವುದು. ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಸೈಟೊಕೈನ್ ಕೋಶದ ಮೈಮೇಲಿನ ರಿಸೆಪ್ಟರಿಗೆ ಅಂಟಿದಾಗ ಅದರ ಒಳಬದಿಯಲ್ಲಿರುವ ಜಾಕ್ ಕಿಣ್ವಗಳು ಹತ್ತಿರ ಬಂದು ಒಂದನ್ನೊಂದು ಚುರುಕುಗೊಳಿಸುತ್ತವೆ, ರಿಸೆಪ್ಟರಿನ ಬಾಲಕ್ಕೆ ಫಾಸ್ಫೇಟ್ ಹಚ್ಚುತ್ತವೆ. ಸ್ಟ್ಯಾಟ್ ಬಂದು ಅಲ್ಲಿ ಕೂರುತ್ತದೆ. ಅದರದೊಂದು ಟೈರೊಸಿನ್‌ಗೂ (ಪ್ರೋಟೀನ್ ಸರಪಳಿಯ ಒಂದು ಅಮೈನೋ ಆಮ್ಲ) ಫಾಸ್ಫೇಟ್ ಬೀಳುತ್ತದೆ. ಸ್ಟ್ಯಾಟ್1ರಲ್ಲಿ ಅದು 701ನೆಯದು, ಸ್ಟ್ಯಾಟ್3ರಲ್ಲಿ 705, ಸ್ಟ್ಯಾಟ್5ಎಯಲ್ಲಿ 694. ಹೀಗೆ ಫಾಸ್ಫೇಟ್ ಪಡೆದ ಎರಡು ಸ್ಟ್ಯಾಟ್‌ಗಳು ಜೋಡಿಯಾಗಿ ನ್ಯೂಕ್ಲಿಯಸ್ಸಿಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಜಾಕ್‌ಗಳು ನಾಲ್ಕು: ಜಾಕ್1, ಜಾಕ್2, ಜಾಕ್3, ಟಿಕ್2. ಸ್ಟ್ಯಾಟ್‌ಗಳು ಏಳು: 1, 2, 3, 4, 5ಎ, 5ಬಿ, 6. ಫಾಸ್ಫೇಟ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಫಾಸ್ಫಟೇಸ್‌ಗಳು ಅದನ್ನು ಕಿತ್ತು ಹಾಕುತ್ತವೆ, ಸ್ಟ್ಯಾಟ್ ತಾನೇ ತಯಾರು ಮಾಡಿಸಿದ ಸಾಕ್ಸ್ ಪ್ರೋಟೀನ್‌ಗಳು ಹಿಂದಿರುಗಿ ಬಂದು ಜಾಕ್ ಕೆಲಸವನ್ನು ತಡೆಯುತ್ತವೆ. ನೀವು ಹಿಡಿಯಲು ಹೊರಟಿರುವುದು ನಿಮಿಷಗಳ ಲೆಕ್ಕದಲ್ಲಿ ಏರಿ ಇಳಿಯುವ ವಸ್ತುವನ್ನು.

ಇದು ಬರೀ ಲ್ಯಾಬಿನ ಕುತೂಹಲವೇನಲ್ಲ. ಜಾಕ್ ತಡೆಯುವ ಮಾತ್ರೆ ಟೊಫಾಸಿಟಿನಿಬ್‌ಗೆ ರುಮಟಾಯ್ಡ್ ಆರ್ಥ್ರೈಟಿಸ್‌ಗಾಗಿ 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಆಮೇಲೆ ಬಾರಿಸಿಟಿನಿಬ್, ಉಪಾಡಾಸಿಟಿನಿಬ್ ಬಂದವು. 2022ರಲ್ಲಿ ಸೋರಿಯಾಸಿಸ್‌ಗೆ ಡ್ಯೂಕ್ರಾವಾಸಿಟಿನಿಬ್ ಬಂತು. ಅದು ಟಿಕ್2ನ್ನು ಮಾತ್ರ ಗುರಿ ಮಾಡುತ್ತದೆ. ಯಾವ ರೋಗಿಗೆ ಯಾವುದು ಹಿಡಿಸುತ್ತದೆ ಎಂಬ ಪ್ರಶ್ನೆ ಇನ್ನೂ ತೆರೆದೇ ಇದೆ. ನಿಮ್ಮ ಅಳತೆ ಕೆಲಸಕ್ಕೆ ಬರುವುದು ಅಲ್ಲಿ.

ಮೊದಲು ಪ್ರಶ್ನೆ

ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ. ಅದರಲ್ಲಿ ನಾಲ್ಕು ಸಂಗತಿ ಇರಬೇಕು: ಯಾವ ಸೈಟೊಕೈನ್, ಯಾವ ಕೋಶ, ಯಾವ ಸ್ಟ್ಯಾಟ್, ಯಾವ ಹಂತದ ರೋಗಿ. ‘ಲೂಪಸ್‌ನಲ್ಲಿ ಸಿಗ್ನಲಿಂಗ್ ಹೇಗಿದೆ ನೋಡೋಣ’ ಎಂದು ಬರೆದುಕೊಂಡು ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ. ‘ಟೈಪ್ 1 ಮಧುಮೇಹ ಇರುವವರ ರೆಗ್ಯುಲೇಟರಿ ಟಿ ಕೋಶಗಳಲ್ಲಿ ಐಎಲ್-2 ಕೊಟ್ಟಾಗ ಸ್ಟ್ಯಾಟ್5ಕ್ಕೆ ಫಾಸ್ಫೇಟ್ ಬೀಳುವುದು ಕಡಿಮೆಯೇ?’ ಎಂಬುದು ಪ್ರಶ್ನೆ. (ರೆಗ್ಯುಲೇಟರಿ ಟಿ ಕೋಶ ಎಂದರೆ ಉಳಿದ ರಕ್ಷಣಾ ಕೋಶಗಳನ್ನು ಹತೋಟಿಯಲ್ಲಿಡುವ ಬಿಳಿಕೋಶ; ಐಎಲ್ ಎಂದರೆ ಇಂಟರ್‌ಲ್ಯೂಕಿನ್, ಸೈಟೊಕೈನ್‌ಗಳ ಒಂದು ಬಗೆ.) ಈ ಪ್ರಶ್ನೆ ಕೇಳಿದವರು ಈಗಾಗಲೇ ಇದ್ದಾರೆ, ಕಡಿಮೆ ಎಂಬ ವರದಿಗಳೂ ಬಂದಿವೆ. ಆದರೂ ಪ್ರಶ್ನೆಯ ಆಕಾರ ಇದು.

ಸೈಟೊಕೈನ್ ಮತ್ತು ಸ್ಟ್ಯಾಟ್‌ನ ಜೋಡಿಗಳು ಬಾಯಿಪಾಠವಾಗಿರಲಿ. ಐಎಲ್-2ಕ್ಕೆ ಸ್ಟ್ಯಾಟ್5. ಐಎಲ್-6ಕ್ಕೆ ಸ್ಟ್ಯಾಟ್3, ಜೊತೆಗೆ ಒಂದಿಷ್ಟು ಸ್ಟ್ಯಾಟ್1. ಇಂಟರ್‌ಫೆರಾನ್-ಆಲ್ಫಾಕ್ಕೆ ಸ್ಟ್ಯಾಟ್1 ಮತ್ತು 2, ಕೆಲವು ಕೋಶಗಳಲ್ಲಿ 3, 5 ಕೂಡ. ಇಂಟರ್‌ಫೆರಾನ್-ಗಾಮಾಕ್ಕೆ ಸ್ಟ್ಯಾಟ್1. ಐಎಲ್-4ಕ್ಕೆ ಸ್ಟ್ಯಾಟ್6. ಐಎಲ್-12ಕ್ಕೆ ಸ್ಟ್ಯಾಟ್4. ಇದರ ಜೊತೆ ಆ ಕೋಶದಲ್ಲಿ ರಿಸೆಪ್ಟರ್ ಇದೆಯೇ ಎಂದೂ ನೋಡಿ. ವಿಶ್ರಾಂತಿಯಲ್ಲಿರುವ ನೈವ್ (ಇನ್ನೂ ತನ್ನ ಗುರಿ ಕಾಣದ) ಟಿ ಕೋಶಕ್ಕೆ ಐಎಲ್-12 ಸುರಿದು ಸ್ಟ್ಯಾಟ್4 ಹುಡುಕಿದರೆ ಸಿಗುವುದಿಲ್ಲ, ರಿಸೆಪ್ಟರಿನ ಅರ್ಧಭಾಗವೇ ಅಲ್ಲಿ ಇರುವುದಿಲ್ಲ. ಅದೇ ಟ್ಯೂಬಿನ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳು ಚೆನ್ನಾಗಿ ಉತ್ತರಿಸುತ್ತವೆ. ಇಂಟರ್‌ಫೆರಾನ್-ಗಾಮಾಕ್ಕೆ ರಕ್ತದಲ್ಲಿ ಗಟ್ಟಿ ಉತ್ತರ ಮಾನೊಸೈಟ್ ಎಂಬ ಬಿಳಿಕೋಶಗಳಿಂದ ಬರುತ್ತದೆ. ಕೈ ಪಳಗಿಸಿಕೊಳ್ಳಲು ಅದೇ ಒಳ್ಳೆಯ ಜೋಡಿ.

ರಕ್ತ

ನೈತಿಕ ಸಮಿತಿಯ ಅನುಮತಿ, ರೋಗಿಯ ಲಿಖಿತ ಒಪ್ಪಿಗೆ, ಹೆಪಟೈಟಿಸ್ ಬಿ ಲಸಿಕೆ: ಇವಿಲ್ಲದೆ ಟ್ಯೂಬ್ ಮುಟ್ಟಬೇಡಿ. ಇದರ ಬಗ್ಗೆ ಚರ್ಚೆಯಿಲ್ಲ.

ಟ್ಯೂಬ್ ಸೋಡಿಯಂ ಹೆಪಾರಿನ್‌ನದು. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ ಇನ್ನೊಂದು ರಾಸಾಯನಿಕ) ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಟಿ ಕೋಶದ ರಿಸೆಪ್ಟರ್ ಸಿಗ್ನಲ್ ನೋಡುವವರಿಗಂತೂ ಅದು ಬೇಡವೇ ಬೇಡ. ಸೈಟೊಕೈನ್ ಮಾತ್ರ ನೋಡುವವರೂ ಒಂದೇ ಬಗೆಯ ಟ್ಯೂಬಿಗೆ ಅಂಟಿಕೊಳ್ಳುವುದು ಲೇಸು. ಐಸಿನಲ್ಲಿ ಇಡಬೇಡಿ, ಕೋಣೆಯ ತಾಪದಲ್ಲಿರಲಿ. ಎಷ್ಟು ಬೇಗ ಕೆಲಸ ಶುರುವಾದರೆ ಅಷ್ಟು ಒಳ್ಳೆಯದು, ಆದರೆ ಬೇಗಕ್ಕಿಂತ ಮುಖ್ಯ ಸಮವಾಗಿರುವುದು. ಈ ಕ್ಷೇತ್ರದ ಹಳೆಯ ರೋಗವೊಂದಿದೆ. ರೋಗಿಯ ರಕ್ತ ಕ್ಲಿನಿಕ್ಕಿನಲ್ಲಿ ತೆಗೆದು, ಟ್ರೇಯಲ್ಲಿ ಕಾದು, ಯಾರೋ ಈ ಕಡೆ ಬರುವಾಗ ತಂದು ಕೊಡುತ್ತಾರೆ. ‘ಆರೋಗ್ಯವಂತ’ರ ರಕ್ತ ಎಂದರೆ ಪಕ್ಕದ ಬೆಂಚಿನ ವಿದ್ಯಾರ್ಥಿಯದು, ಆಗಷ್ಟೇ ತೆಗೆದದ್ದು. ಒಂದು ನಾಲ್ಕು ಗಂಟೆ ಹಳತು, ಇನ್ನೊಂದು ಹತ್ತು ನಿಮಿಷದ್ದು. ಎರಡನ್ನೂ ಪಕ್ಕ ಪಕ್ಕ ಇಟ್ಟು ಕಾಯಿಲೆ ಎಂದು ಕರೆದರೆ ಆಯಿತೇ? ಆರೋಗ್ಯವಂತರ ಟ್ಯೂಬನ್ನೂ ಅದೇ ಕ್ಲಿನಿಕ್ಕಿನಲ್ಲಿ, ಅದೇ ಹೊತ್ತಿಗೆ ತೆಗೆಸಿ, ಅದೇ ಟ್ರೇಯಲ್ಲಿ ತರಿಸಿ. ಹೊತ್ತು ಎಂದದ್ದು ಸುಮ್ಮನೆ ಅಲ್ಲ. ಕಾರ್ಟಿಸಾಲ್ ಬೆಳಿಗ್ಗೆ ಏರಿರುತ್ತದೆ, ಸಂಜೆಗೆ ಇಳಿಯುತ್ತದೆ. ರಕ್ತದಲ್ಲಿನ ಟಿ ಕೋಶಗಳ ಸಂಖ್ಯೆ ಅದಕ್ಕೆ ತಕ್ಕಂತೆ ಆಡುತ್ತದೆ.

ವಯಸ್ಸು, ಲಿಂಗವೂ ಹೊಂದಬೇಕು. ಲೂಪಸ್ ಇರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಅವರನ್ನು ಇಪ್ಪತ್ತರ ಹುಡುಗರ ಜೊತೆ ಹೋಲಿಸಿದ ಗ್ರಾಫ್‌ಗಳನ್ನು ನಾನು ಸೆಮಿನಾರುಗಳಲ್ಲಿ ಇಂದಿಗೂ ನೋಡುತ್ತೇನೆ.

ಔಷಧಿ ಪಟ್ಟಿ

ಇಲ್ಲಿ ನಿಧಾನಿಸಿ. ಪ್ರತಿ ರೋಗಿಯ ಪ್ರತಿ ಔಷಧಿ, ಪ್ರಮಾಣ, ಕೊನೆಯ ಡೋಸ್ ತೆಗೆದುಕೊಂಡ ದಿನ ಮತ್ತು ಗಂಟೆ ಬರೆದುಕೊಳ್ಳಿ. ಗಂಟೆ ಯಾಕೆಂದರೆ, ಟೊಫಾಸಿಟಿನಿಬ್‌ನ ಅರ್ಧಾಯು ಸುಮಾರು 3 ಗಂಟೆ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿದವರ ರಕ್ತ ಹತ್ತಕ್ಕೆ ತೆಗೆದರೆ ಒಂದು ಉತ್ತರ, ಸಂಜೆ ಆರಕ್ಕೆ ತೆಗೆದರೆ ಇನ್ನೊಂದು. ಅದಕ್ಕಿಂತ ಕೆಟ್ಟದ್ದು ಇದೆ. ಈ ಮಾತ್ರೆ ಜಾಕ್‌ಗೆ ಅಂಟಿಕೊಂಡು ಮತ್ತೆ ಕಳಚಿಕೊಳ್ಳುತ್ತದೆ, ಖಾಯಂ ಆಗಿ ಕೂರುವುದಿಲ್ಲ. ನೀವು ಫೈಕಾಲ್ ಎಂಬ ದಟ್ಟ ದ್ರವದ ಮೇಲೆ ರಕ್ತ ಹಾಕಿ, ಬಿಳಿಕೋಶ ಬೇರ್ಪಡಿಸಿ, ಮೂರು ಸಲ ತೊಳೆದರೆ ಔಷಧಿ ತೊಳೆದ ನೀರಿನೊಂದಿಗೆ ಹೋಗಿರುತ್ತದೆ. ಸಿಗ್ನಲ್ ಸಹಜವಾಗಿ ಬರುತ್ತದೆ, ‘ಈ ರೋಗಿಯಲ್ಲಿ ಔಷಧಿ ಕೆಲಸ ಮಾಡುತ್ತಿಲ್ಲ’ ಎಂದು ತೀರ್ಮಾನಿಸುವ ಅಪಾಯವಿದೆ. ಜಾಕ್ ತಡೆಯುವ ಮಾತ್ರೆಯ ಮೇಲಿರುವವರ ವಿಷಯದಲ್ಲಿ ಪೂರ್ತಿ ರಕ್ತದಲ್ಲೇ ಪ್ರಯೋಗ ಮಾಡಿ.

ಟೊಸಿಲಿಜುಮಾಬ್ ಮೇಲಿರುವವರ ರಕ್ತಕ್ಕೆ ಐಎಲ್-6 ಹಾಕಿದಾಗ ಸ್ಟ್ಯಾಟ್3 ಅಲುಗಾಡದಿದ್ದರೆ ಆಶ್ಚರ್ಯಪಡಬೇಡಿ. ರಿಸೆಪ್ಟರನ್ನು ಔಷಧಿ ಮುಚ್ಚಿದೆ. ಅಂಥವರ ಸೀರಂನಲ್ಲಿ ಐಎಲ್-6 ಮಟ್ಟ ಏರಿರುತ್ತದೆ, ಏಕೆಂದರೆ ರಿಸೆಪ್ಟರ್ ಮೂಲಕ ಅದನ್ನು ಒಳಗೆಳೆದು ಖಾಲಿ ಮಾಡುವ ದಾರಿ ಮುಚ್ಚಿಹೋಗಿರುತ್ತದೆ. ಏರಿದ ಐಎಲ್-6 ನೋಡಿ ಉರಿಯೂತ ಹೆಚ್ಚಾಗಿದೆ ಎಂದು ಓದಿಕೊಂಡವರೂ ಉಂಟು. ಇಂಟರ್‌ಫೆರಾನ್ ರಿಸೆಪ್ಟರ್ ಮುಚ್ಚುವ ಅನಿಫ್ರೊಲುಮಾಬ್ ತೆಗೆದುಕೊಳ್ಳುವ ಲೂಪಸ್ ರೋಗಿಗೆ ಇಂಟರ್‌ಫೆರಾನ್-ಆಲ್ಫಾ ಹಾಕಿದರೂ ಇದೇ ಕಥೆ. ರಿಟುಕ್ಸಿಮಾಬ್ ಪಡೆದವರಲ್ಲಿ ತಿಂಗಳುಗಟ್ಟಲೆ ಬಿ ಕೋಶಗಳೇ ಸಿಗುವುದಿಲ್ಲ.

ಸ್ಟೀರಾಯ್ಡ್ ಎಲ್ಲಕ್ಕಿಂತ ತಂಟೆಯದು. ಯಾಕೆಂದರೆ ಬಹಳ ಮಂದಿ ಅದರ ಮೇಲಿರುತ್ತಾರೆ, ಪ್ರಮಾಣ ವಾರವಾರ ಬದಲಾಗುತ್ತಿರುತ್ತದೆ. ಪ್ರೆಡ್ನಿಸೊಲೋನ್ ನುಂಗಿದ ಕೆಲವೇ ಗಂಟೆಗಳಲ್ಲಿ ರಕ್ತದ ಲಿಂಫೊಸೈಟ್ ಸಂಖ್ಯೆ ಇಳಿಯುತ್ತದೆ. ಉಳಿದ ಕೋಶಗಳು ಮೊದಲಿನ ಮಿಶ್ರಣವಲ್ಲ. ಹೈಡ್ರಾಕ್ಸಿಕ್ಲೋರೊಕ್ವಿನ್‌ನ ಅರ್ಧಾಯು ಸುಮಾರು 40 ದಿನ. ‘ಬೆಳಿಗ್ಗೆ ಮಾತ್ರೆ ತಗೊಳ್ಳದೆ ಬನ್ನಿ’ ಎನ್ನುವುದರಿಂದ ಏನೂ ಸಾಧಿಸುವುದಿಲ್ಲ. ಅಲ್ಲದೆ ನಿಮ್ಮ ಪ್ರಯೋಗಕ್ಕಾಗಿ ಔಷಧಿ ನಿಲ್ಲಿಸಿ ಎಂದು ರೋಗಿಗೆ ಹೇಳುವ ಹಕ್ಕು ನಿಮಗಿಲ್ಲ. ಆ ಮಾತು ಬಾಯಿಗೆ ಬರಲೇಬಾರದು.

ಹೊಸದಾಗಿ ಪತ್ತೆಯಾದ, ಇನ್ನೂ ಚಿಕಿತ್ಸೆ ಶುರುವಾಗದ ರೋಗಿಗಳು ಸಿಕ್ಕರೆ ಅದೇ ಚಿನ್ನ. ಸಿಗುವುದು ಕಷ್ಟ, ವರ್ಷಗಟ್ಟಲೆ ಕಾಯಬೇಕು. ಸಿಗದಿದ್ದರೆ ಇನ್ನೊಂದು ಉಪಾಯ: ಅದೇ ಔಷಧಿ ತೆಗೆದುಕೊಳ್ಳುವ, ಆದರೆ ಬೇರೆ ಕಾಯಿಲೆ ಇರುವವರನ್ನು ಹೋಲಿಕೆಗೆ ಸೇರಿಸಿಕೊಳ್ಳಿ. ಆರೋಗ್ಯವಂತರ ಗುಂಪು ಒಂದೇ ಸಾಲದು.

ಪೂರ್ತಿ ರಕ್ತವೋ, ಬೇರ್ಪಡಿಸಿದ ಕೋಶವೋ

ಇದನ್ನು ಅನುಕೂಲದ ಪ್ರಶ್ನೆ ಅಂದುಕೊಳ್ಳುತ್ತಾರೆ, ಅಲ್ಲ. ರೋಗಿಯ ದೇಹದಲ್ಲಿ ಈ ಕ್ಷಣ ಸಿಗ್ನಲ್ ಹರಿಯುತ್ತಿದೆಯೇ ಎಂದು ತಿಳಿಯಬೇಕಾದರೆ ಪೂರ್ತಿ ರಕ್ತವನ್ನು ಬಂದ ಕೂಡಲೇ ಸ್ಥಿರಗೊಳಿಸಬೇಕು. ಫೈಕಾಲ್, ತೊಳೆತ, 37 ಡಿಗ್ರಿಯಲ್ಲಿ ಒಂದೆರಡು ಗಂಟೆ ವಿಶ್ರಾಂತಿ ಇಷ್ಟೆಲ್ಲ ಆದಮೇಲೆ ದೇಹದೊಳಗಿದ್ದ ಸೈಟೊಕೈನ್ ಇರುವುದಿಲ್ಲ, ಅದು ಹುಟ್ಟಿಸಿದ ಫಾಸ್ಫೇಟೂ ಆರಿರುತ್ತದೆ. ಬದಲಿಗೆ, ಈ ಕೋಶಕ್ಕೆ ಉತ್ತರಿಸುವ ಸಾಮರ್ಥ್ಯ ಎಷ್ಟಿದೆ ಎಂಬುದು ಪ್ರಶ್ನೆಯಾದರೆ ಬೇರ್ಪಡಿಸಿ ವಿಶ್ರಾಂತಿ ಕೊಟ್ಟ ಕೋಶಗಳೇ ಮೇಲು. ಸೆಂಟ್ರಿಫ್ಯೂಜಿನ ಗಾಬರಿ ಇಳಿದಿರುತ್ತದೆ. ಎರಡೂ ಬೇಕೆಂದರೆ ರಕ್ತವನ್ನು ಎರಡು ಪಾಲು ಮಾಡಿ. ಒಂದರ ಫಲಿತಾಂಶವನ್ನು ಇನ್ನೊಂದರ ಮೇಲೆ ಹೇರಬೇಡಿ, ಅಷ್ಟೇ.

ಫ್ರೀಜ್ ಮಾಡಿದ ಕೋಶಗಳಲ್ಲೂ ಮಾಡಬಹುದು. ಆದರೆ ರೋಗಿಯದು ಫ್ರೀಜ್ ಮಾಡಿದ್ದಾದರೆ ಆರೋಗ್ಯವಂತರದೂ ಅದೇ ಆಗಿರಲಿ.

ಸೈಟೊಕೈನ್ ಕೊಡುವುದು

ಕೋಶ, ಮೀಡಿಯಂ, ಸೈಟೊಕೈನ್ ಎಲ್ಲವೂ ಮೊದಲೇ 37 ಡಿಗ್ರಿಗೆ ಬಂದಿರಲಿ. ಸತ್ತ ಕೋಶ ಗುರುತಿಸುವ ಬಣ್ಣವನ್ನು ಸೈಟೊಕೈನ್‌ಗೆ ಮುಂಚೆಯೇ ಹಾಕಿ ಮುಗಿಸಿ, ಆಮೇಲೆ ಅದಕ್ಕೆ ಹೊತ್ತಿಲ್ಲ. ಸೈಟೊಕೈನನ್ನು ಸಣ್ಣ ಸಣ್ಣ ಪಾಲು ಮಾಡಿ, ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸಿ, ಫ್ರೀಜರಿನಲ್ಲಿಡಿ. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡುವ ಜಿಪುಣತನ ಬೇಡ. ಸೈಟೊಕೈನ್ ಇಲ್ಲದ ಟ್ಯೂಬಿಗೂ ಅಷ್ಟೇ ಪ್ರಮಾಣದ ಬಫರ್ ಹಾಕಿ, ಅಷ್ಟೇ ಅಲುಗಾಡಿಸಿ. ಅಲುಗಾಡಿಸಿದ್ದಕ್ಕೇ ಮಾನೊಸೈಟ್‌ಗಳು ಉತ್ತರ ಕೊಡಬಹುದು.

ಸಮಯಕ್ಕೆ ಎಲ್ಲರೂ 15 ನಿಮಿಷ ಅನ್ನುತ್ತಾರೆ. ಸರಿ, ಬಹಳಷ್ಟು ಸ್ಟ್ಯಾಟ್‌ಗಳು ಆ ಹೊತ್ತಿಗೆ ಶಿಖರದ ಹತ್ತಿರ ಇರುತ್ತವೆ. ಆದರೂ ನಿಮ್ಮ ಕೈಯಲ್ಲಿ, ನಿಮ್ಮ ಕೋಶದಲ್ಲಿ ಒಮ್ಮೆ 0, 5, 15, 30, 60, 120 ನಿಮಿಷದ ಸಾಲು ಮಾಡಿ ನೋಡಿ. ಆಟೊಇಮ್ಯೂನ್ ಕಾಯಿಲೆಯಲ್ಲಿ ಶಿಖರ ಸಮನಾಗಿದ್ದು ಇಳಿಯುವುದು ಮಾತ್ರ ತಡವಾಗಬಹುದು. ಬ್ರೇಕ್ ಸಡಿಲವಾದ ಗಾಡಿ ನಿಲ್ಲಬೇಕಾದಲ್ಲಿ ಮಾತ್ರ ಗುಟ್ಟು ಬಿಟ್ಟುಕೊಡುವ ಹಾಗೆ, ಫಾಸ್ಫಟೇಸ್ ಅಥವಾ ಸಾಕ್ಸ್ ದುರ್ಬಲವಾಗಿದ್ದರೆ ಅದು 15ನೇ ನಿಮಿಷದಲ್ಲಿ ಕಾಣುವುದಿಲ್ಲ, 60ರಲ್ಲಿ ಕಾಣುತ್ತದೆ. ಟಿ ಕೋಶದ ರಿಸೆಪ್ಟರನ್ನೇ ಅದರ ಜೊತೆಗಿರುವ ಸಿಡಿ3 ಪ್ರೋಟೀನ್ ಮೂಲಕ ಕೆಣಕುವವರಿಗೆ ಲೆಕ್ಕ ಬೇರೆ. ಅಲ್ಲಿ ಜ್ಯಾಪ್-70, ಇಆರ್‌ಕೆ ಎಂಬ ಕಿಣ್ವಗಳ ಮೇಲಿನ ಫಾಸ್ಫೇಟ್ ಎರಡರಿಂದ ಐದು ನಿಮಿಷಗಳಲ್ಲೇ ಏರುತ್ತದೆ, ಒಬ್ಬರೇ ಮಾಡುವ ಕೆಲಸವಲ್ಲ.

ಪ್ರಮಾಣದ ವಿಷಯಕ್ಕೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲಿ, ಅದೂ ಎಡವಿದ್ದು ಗೊತ್ತಾಗದೆ. ಪ್ರಕಟವಾದ ವಿಧಾನಗಳಲ್ಲಿ ಕಾಣುವ ದೊಡ್ಡ ಪ್ರಮಾಣ, ಉದಾಹರಣೆಗೆ ಮಿಲಿಲೀಟರಿಗೆ 100 ನ್ಯಾನೊಗ್ರಾಂ ಐಎಲ್-6, ರಿಸೆಪ್ಟರ್‌ಗಳನ್ನೆಲ್ಲ ತುಂಬಿಸಿಬಿಡುತ್ತದೆ. ಎಲ್ಲರ ಕೋಶವೂ ಮಿನುಗುತ್ತದೆ, ರೋಗಿಯದೂ ಆರೋಗ್ಯವಂತರದೂ. ಪ್ರಯೋಗ ‘ಚೆನ್ನಾಗಿ ಬಂತು’ ಅನ್ನಿಸುತ್ತದೆ. ಆದರೆ ವ್ಯತ್ಯಾಸ ಇರುವುದು ಕಡಿಮೆ ಪ್ರಮಾಣದಲ್ಲಿ, ದೇಹದಲ್ಲಿ ನಿಜಕ್ಕೂ ಇರುವ ಮಟ್ಟದ ಹತ್ತಿರ. ಐಎಲ್-2 ತೆಗೆದುಕೊಳ್ಳಿ. ರೆಗ್ಯುಲೇಟರಿ ಟಿ ಕೋಶದ ಮೇಲೆ ಐಎಲ್-2 ರಿಸೆಪ್ಟರಿನ ಒಂದು ತುಂಡಾದ ಸಿಡಿ25 ದಟ್ಟವಾಗಿದೆ, ಅಂದರೆ ಮೂರು ತುಂಡು ಸೇರಿದ, ಬಿಗಿಯಾಗಿ ಹಿಡಿಯುವ ರಿಸೆಪ್ಟರ್. ಮಿಲಿಲೀಟರಿಗೆ ಒಂದೆರಡು ಯೂನಿಟ್ ಕೊಟ್ಟರೂ ಅವು ಸ್ಟ್ಯಾಟ್5 ಏರಿಸುತ್ತವೆ. ಪಕ್ಕದ ಸಾಮಾನ್ಯ ಟಿ ಕೋಶಗಳು ಬಹುಪಾಲು ತಣ್ಣಗಿರುತ್ತವೆ. ನೂರಾರು ಯೂನಿಟ್ ಸುರಿದರೆ ಆ ಭೇದ ಅಳಿಸಿಹೋಗುತ್ತದೆ. ಕಡಿಮೆ ಡೋಸ್ ಐಎಲ್-2 ಚಿಕಿತ್ಸೆಯನ್ನು ಲೂಪಸ್ ಮುಂತಾದವುಗಳಲ್ಲಿ ಪರೀಕ್ಷಿಸುತ್ತಿರುವುದೂ ಇದೇ ಭೇದವನ್ನು ನಂಬಿ. ಕನಿಷ್ಠ ನಾಲ್ಕು ಪ್ರಮಾಣ, ಒಂದರಿಂದ ಒಂದಕ್ಕೆ ಹತ್ತು ಪಟ್ಟು ಅಂತರ. ರಕ್ತ ಸಾಲದಿದ್ದರೆ ಸೈಟೊಕೈನ್‌ಗಳ ಸಂಖ್ಯೆ ಕಡಿಮೆ ಮಾಡಿ, ಪ್ರಮಾಣಗಳದ್ದಲ್ಲ.

ನಿಲ್ಲಿಸುವುದು, ತೆರೆಯುವುದು

ಹೊತ್ತು ಮುಗಿದಾಗ ಸೆಂಟ್ರಿಫ್ಯೂಜಿನತ್ತ ಓಡಬೇಡಿ. ಟ್ಯೂಬಿಗೆ ನೇರವಾಗಿ ಪ್ಯಾರಾಫಾರ್ಮಾಲ್ಡಿಹೈಡ್ ಹಾಕಿ. 16 ಶೇಕಡದ ಆಂಪೂಲ್ ಆದರೆ ಒಂಬತ್ತು ಪಾಲು ಕೋಶದ್ರವಕ್ಕೆ ಒಂದು ಪಾಲು, ಒಟ್ಟು 1.6 ಶೇಕಡ. ಹತ್ತು ನಿಮಿಷ. ಆಂಪೂಲ್ ಒಡೆದು ಬಹಳ ದಿನವಾಗಿದ್ದರೆ ಎಸೆಯಿರಿ. ಪೂರ್ತಿ ರಕ್ತಕ್ಕಾದರೆ ಕೆಂಪುಕೋಶ ಒಡೆಯುವ ಮತ್ತು ಸ್ಥಿರಗೊಳಿಸುವ ಎರಡೂ ಕೆಲಸ ಮಾಡುವ ಬಫರನ್ನು 37 ಡಿಗ್ರಿಗೆ ಬಿಸಿ ಮಾಡಿ, ರಕ್ತದ ಇಪ್ಪತ್ತು ಪಟ್ಟು ಸುರಿಯಿರಿ. ತಣ್ಣಗಿನದು ಹಾಕಿದರೆ ಕೆಂಪುಕೋಶ ಸರಿಯಾಗಿ ಒಡೆಯುವುದಿಲ್ಲ.

ಮುಂದೆ ಮೆಥನಾಲ್. ತೊಳೆದ ಕೋಶದ ಪೆಲೆಟನ್ನು ಮೊದಲು ಚೆನ್ನಾಗಿ ಬಿಡಿಸಿ, ವೋರ್ಟೆಕ್ಸ್ ಮೇಲೆ ಹಿಡಿದುಕೊಂಡೇ ಐಸ್‌ನಷ್ಟು ತಣ್ಣಗಿನ 90 ಶೇಕಡ ಮೆಥನಾಲ್ ಹನಿಹನಿಯಾಗಿ ಬಿಡಿ. ಒಮ್ಮೆಲೇ ಸುರಿದರೆ ಕೋಶಗಳು ಉಂಡೆಗಟ್ಟುತ್ತವೆ, ಆ ಉಂಡೆ ಬಿಡಿಸಲಾಗುವುದಿಲ್ಲ. ಐಸ್ ಮೇಲೆ ಅರ್ಧ ಗಂಟೆ. ಸೌಮ್ಯವಾದ ಡಿಟರ್ಜೆಂಟ್ ಸಾಲದೇ ಎಂದು ಕೇಳುತ್ತಾರೆ. ಸ್ಟ್ಯಾಟ್ ಜೋಡಿಯಾದಾಗ ಒಂದರ ಫಾಸ್ಫೊಟೈರೊಸಿನ್ ಇನ್ನೊಂದರ ಎಸ್‌ಎಚ್2 ಭಾಗದೊಳಗೆ ಹುದುಗಿರುತ್ತದೆ. ಮೆಥನಾಲ್ ಪ್ರೋಟೀನಿನ ಮಡಿಕೆ ಬಿಚ್ಚಿ, ಅದಕ್ಕೆ ಹುಡುಕಿ ಅಂಟುವ ಬಣ್ಣ ಹಚ್ಚಿದ ಆ್ಯಂಟಿಬಾಡಿಗೆ ಅದನ್ನು ತೋರಿಸುತ್ತದೆ. ಇದರಲ್ಲಿ ಒಂದು ಲಾಭವೂ ಇದೆ. ಮೆಥನಾಲಿನಲ್ಲಿ ಕೋಶಗಳನ್ನು ಮೈನಸ್ 80 ಡಿಗ್ರಿಯಲ್ಲಿ ವಾರಗಟ್ಟಲೆ ಇಡಬಹುದು. ಬೇರೆ ಬೇರೆ ದಿನ ಬಂದ ರೋಗಿಗಳ ಟ್ಯೂಬುಗಳನ್ನು ಕೂಡಿಟ್ಟು ಒಟ್ಟಿಗೆ ಬಣ್ಣ ಹಾಕಬಹುದು. ಟ್ಯೂಬಿನ ಮೇಲೆ ಮಾರ್ಕರಿನಿಂದ ಬರೆದರೆ ಮೆಥನಾಲ್ ತಾಗಿ ಅಳಿಸಿಹೋಗುತ್ತದೆ, ಪೆನ್ಸಿಲ್ ಅಥವಾ ಮುದ್ರಿತ ಲೇಬಲ್ ಬಳಸಿ. ಮೆಥನಾಲ್ ವಿಷ, ಹೊತ್ತಿಕೊಳ್ಳುವಂಥದ್ದು ಕೂಡ; ಫಾರ್ಮಾಲ್ಡಿಹೈಡ್ ಕೆಲಸದಂತೆ ಇದನ್ನೂ ಫ್ಯೂಮ್ ಹುಡ್‌ನಲ್ಲೇ ಮಾಡಿ.

ನಷ್ಟವೂ ಇದೆ. ಪಿಇ, ಎಪಿಸಿ ತರಹದ ಪ್ರೋಟೀನ್ ಬಣ್ಣಗಳು, ಅವುಗಳಿಗೆ ಇನ್ನೊಂದು ಬಣ್ಣ ಜೋಡಿಸಿದ ಟ್ಯಾಂಡಂಗಳು ಮೆಥನಾಲಿನಲ್ಲಿ ಸಾಯುತ್ತವೆ. ಅಲೆಕ್ಸಾ 488, ಅಲೆಕ್ಸಾ 647, ಪೆಸಿಫಿಕ್ ಬ್ಲೂ ಉಳಿಯುತ್ತವೆ. ಹಾಗಾಗಿ ಪಿಇ ಬೇಕಿದ್ದರೆ ಮೆಥನಾಲ್ ಆದಮೇಲೆ ಹಾಕಿ. ಆದರೆ ಆಗ ಹೊರಗಿನ ಎಷ್ಟೋ ಗುರುತುಗಳ ಆಕಾರ ಕೆಟ್ಟಿರುತ್ತದೆ. ಒಂದೇ ಸಿಡಿ4ಕ್ಕೆ ಆ್ಯಂಟಿಬಾಡಿಯ ಒಂದು ಕ್ಲೋನ್ (ತಳಿ) ಹಿಡಿಯುತ್ತದೆ, ಇನ್ನೊಂದು ಹಿಡಿಯುವುದಿಲ್ಲ. ಬಿ ಕೋಶಕ್ಕೆ ಸಿಡಿ19ಕ್ಕಿಂತ ಸಿಡಿ20 ವಾಸಿ ಎಂಬುದು ನನ್ನ ಅನುಭವ. ಪ್ಯಾನೆಲ್ (ಒಟ್ಟಿಗೆ ಹಾಕುವ ಆ್ಯಂಟಿಬಾಡಿಗಳ ಗುಂಪು) ಅನ್ನು ಕಂಪನಿಯ ಕ್ಯಾಟಲಾಗ್ ನೋಡಿ ಕಟ್ಟಬೇಡಿ, ಮೆಥನಾಲ್ ಕಂಡ ಕೋಶದ ಮೇಲೆ ಪ್ರತಿ ಕ್ಲೋನನ್ನೂ ಪರೀಕ್ಷಿಸಿ ಕಟ್ಟಿ. ಮೆಥನಾಲ್ ಆದ ಕೋಶಗಳ ಪೆಲೆಟ್ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಸಡಿಲ ಬೇರೆ. ಸ್ವಲ್ಪ ಜೋರಾಗಿ ತಿರುಗಿಸಿ, ಮೇಲಿನ ದ್ರವ ಚೆಲ್ಲುವಾಗ ಕೈ ಹತೋಟಿಯಲ್ಲಿರಲಿ.

ಸಾಧ್ಯವಿದ್ದರೆ ಬಾರ್‌ಕೋಡಿಂಗ್ ಕಲಿಯಿರಿ. ಕ್ರುಟ್ಜಿಕ್ ಮತ್ತು ನೋಲನ್ 2006ರಲ್ಲಿ ತೋರಿಸಿದ ವಿಧಾನ. ಪ್ರತಿ ಟ್ಯೂಬಿನ ಕೋಶಗಳಿಗೆ ಬೇರೆ ಬೇರೆ ಗಾಢತೆಯ ಬಣ್ಣ ಅಂಟಿಸಿ, ಎಲ್ಲವನ್ನೂ ಒಂದೇ ಟ್ಯೂಬಿಗೆ ಸುರಿದು, ಆಮೇಲೆ ಆ್ಯಂಟಿಬಾಡಿ ಹಾಕುವುದು. ರೋಗಿಯ ಕೋಶ, ಆರೋಗ್ಯವಂತರ ಕೋಶ, ಸೈಟೊಕೈನ್ ಕಂಡದ್ದು, ಕಾಣದ್ದು ಎಲ್ಲಕ್ಕೂ ಅದೇ ಆ್ಯಂಟಿಬಾಡಿ, ಅದೇ ಪ್ರಮಾಣ. ಬಣ್ಣ ಹಾಕುವಾಗ ಆಗುವ ಏರುಪೇರಿನ ವಾದವೇ ಅಲ್ಲಿಗೆ ಮುಗಿಯುತ್ತದೆ. ಆ್ಯಂಟಿಬಾಡಿಯ ಖರ್ಚೂ ಇಳಿಯುತ್ತದೆ.

ಕಂಟ್ರೋಲ್

ಐಸೊಟೈಪ್ ಕಂಟ್ರೋಲಿನ (ಕೋಶದ ಯಾವ ಗುರಿಗೂ ಅಂಟದ ಆ್ಯಂಟಿಬಾಡಿ ಹಾಕಿದ ಟ್ಯೂಬ್) ಮೇಲೆ ನನಗೆ ನಂಬಿಕೆ ಕಡಿಮೆ. ನಾನು ಕೇಳುವುದು ಮೂರು. ಸೈಟೊಕೈನ್ ಇಲ್ಲದ ಟ್ಯೂಬ್. ಮೊದಲು ಜಾಕ್ ತಡೆಯುವ ರುಕ್ಸೊಲಿಟಿನಿಬ್ ಅಥವಾ ಟೊಫಾಸಿಟಿನಿಬ್ ಅರ್ಧ ಗಂಟೆ ಕೊಟ್ಟು, ಆಮೇಲೆ ಸೈಟೊಕೈನ್ ಕೊಟ್ಟ ಟ್ಯೂಬ್. ಇದರಲ್ಲಿ ಸಿಗ್ನಲ್ ಬಿದ್ದುಹೋಗಬೇಕು, ಬೀಳದಿದ್ದರೆ ನೀವು ಅಳೆಯುತ್ತಿರುವುದು ಜಾಕ್ ಹಚ್ಚಿದ ಫಾಸ್ಫೇಟನ್ನಲ್ಲ. ಮೂರನೆಯದಕ್ಕೆ ಬೇರೆ ಟ್ಯೂಬೇ ಬೇಡ. ಅದೇ ಟ್ಯೂಬಿನೊಳಗೆ ಉತ್ತರಿಸಬಾರದ ಕೋಶ ಒಂದಿರುತ್ತದೆ. ಐಎಲ್-6 ಕೊಟ್ಟಾಗ ಸಿಡಿ4 ಟಿ ಕೋಶ ಏರಬೇಕು, ರಕ್ತದ ಬಿ ಕೋಶ ಬಹುಮಟ್ಟಿಗೆ ಇದ್ದಲ್ಲೇ ಇರಬೇಕು. ಎರಡೂ ಏರಿದರೆ ಆ್ಯಂಟಿಬಾಡಿಯನ್ನು ಅನುಮಾನಿಸಿ. ಇವುಗಳ ಜೊತೆಗೆ, ಒಬ್ಬರೇ ದಾನಿಯ ಕೋಶಗಳನ್ನು ಸಣ್ಣ ಪಾಲುಗಳಾಗಿ ಫ್ರೀಜ್ ಮಾಡಿಟ್ಟು ಪ್ರತಿ ಬ್ಯಾಚಿನಲ್ಲೂ ಒಂದು ಪಾಲು ಓಡಿಸಿ. ಯಂತ್ರ ಬದಲಾದದ್ದು ಯಾವಾಗ ಎಂದು ಅದು ಹೇಳುತ್ತದೆ.

ಸಂಖ್ಯೆಗಳನ್ನು ಓದುವುದು

ಜೋಡಿ ಕೋಶಗಳನ್ನೂ ಸತ್ತವನ್ನೂ ತೆಗೆದುಹಾಕಿ, ಪ್ರತಿ ಗುಂಪಿನ ಮೀಡಿಯನ್ (ನಟ್ಟನಡುವಿನ ಬೆಲೆ) ತೆಗೆದುಕೊಳ್ಳಿ. ಎಲ್ಲ ಕೋಶಗಳೂ ಒಟ್ಟಿಗೆ ಬಲಕ್ಕೆ ಸರಿಯುವಾಗ ಮೀಡಿಯನ್ ಸರಿ. ಕೆಲವು ಮಾತ್ರ ಹಾರಿ ಉಳಿದವು ನಿಂತಲ್ಲೇ ಇದ್ದರೆ ಶೇಕಡವಾರು ಸರಿ. ಹಿಸ್ಟೊಗ್ರಾಂ ನೋಡದೆ ಇದನ್ನು ನಿರ್ಧರಿಸಲಾಗುವುದಿಲ್ಲ. ನಾನು ಲಾಗ್ ತರಹದ ಆರ್ಕ್‌ಸೈನ್ ಹೈಪರ್ಬಾಲಿಕ್ ಅಳತೆಗೆ ಬದಲಾಯಿಸಿ, 150ರ ಕೋಫ್ಯಾಕ್ಟರ್ ಇಟ್ಟು, ಸೈಟೊಕೈನ್ ಇದ್ದದ್ದರಿಂದ ಇಲ್ಲದ್ದನ್ನು ಕಳೆಯುತ್ತೇನೆ.

‘ಎಷ್ಟು ಪಟ್ಟು ಏರಿತು’ ಎಂಬ ಸಂಖ್ಯೆ ಮೋಸಗಾರ. ಲೂಪಸ್ ರೋಗಿಯಲ್ಲಿ ಸ್ಟ್ಯಾಟ್1 ಮೊದಲೇ 400ರಲ್ಲಿದ್ದು 1,200ಕ್ಕೆ ಹೋದರೆ ಮೂರು ಪಟ್ಟು. ಆರೋಗ್ಯವಂತರಲ್ಲಿ 200ರಿಂದ 1,200ಕ್ಕೆ ಹೋದರೆ ಆರು ಪಟ್ಟು. ‘ರೋಗಿಯಲ್ಲಿ ಇಂಟರ್‌ಫೆರಾನ್ ಉತ್ತರ ಕುಗ್ಗಿದೆ’ ಎಂದು ಬರೆಯುವಿರಾ? ತುದಿ ಎರಡರದೂ ಒಂದೇ. ಬುಡ, ತುದಿ ಎರಡನ್ನೂ ಬೇರೆ ಬೇರೆಯಾಗಿ ತೋರಿಸಿ, ಪಟ್ಟು ಬೇಕಿದ್ದರೆ ಆಮೇಲೆ. ಸ್ಟ್ಯಾಟ್1ಕ್ಕೆ ಇನ್ನೊಂದು ತೊಡಕಿದೆ: ಅದರ ಜೀನ್‌ಅನ್ನು ಚಾಲೂ ಮಾಡುವುದೂ ಇಂಟರ್‌ಫೆರಾನ್ನೇ. ಲೂಪಸ್‌ನಲ್ಲಿ ಇಂಟರ್‌ಫೆರಾನ್ ಹರಿದಾಡುತ್ತಲೇ ಇರುವುದರಿಂದ ಕೋಶದೊಳಗೆ ಒಟ್ಟು ಸ್ಟ್ಯಾಟ್1 ದಾಸ್ತಾನೇ ಹೆಚ್ಚಿರುತ್ತದೆ. ಫಾಸ್ಫೇಟ್ ಹೆಚ್ಚು ಕಂಡದ್ದು ಜಾಕ್ ಚುರುಕಾಗಿದ್ದಕ್ಕೋ, ಫಾಸ್ಫೇಟ್ ಹಚ್ಚಲು ಪ್ರೋಟೀನ್ ಹೆಚ್ಚಿದ್ದಕ್ಕೋ? ಒಟ್ಟು ಸ್ಟ್ಯಾಟ್1 ಅಳೆಯದೆ ಉತ್ತರವಿಲ್ಲ. ಪ್ಯಾನೆಲಿನಲ್ಲಿ ಅದಕ್ಕೊಂದು ಬಣ್ಣ ಮೀಸಲಿಡಿ.

ಕೋಶಗಳ ಮಿಶ್ರಣವನ್ನೂ ಮರೆಯಬೇಡಿ. ನೈವ್ ಸಿಡಿ4 ಕೋಶಗಳಲ್ಲಿ ಐಎಲ್-6 ರಿಸೆಪ್ಟರ್ ಚೆನ್ನಾಗಿರುತ್ತದೆ, ಹಿಂದೊಮ್ಮೆ ಗುರಿ ಕಂಡ ಎಫೆಕ್ಟರ್ ಮೆಮೊರಿ ಕೋಶಗಳಲ್ಲಿ ಕಡಿಮೆ, ಯಾಕೆಂದರೆ ಚುರುಕಾದ ಟಿ ಕೋಶ ಆ ರಿಸೆಪ್ಟರನ್ನು ಮೈಯಿಂದ ಉದುರಿಸಿಕೊಳ್ಳುತ್ತದೆ. ರೋಗಿಯಲ್ಲಿ ನೈವ್ ಕೋಶ ಕಡಿಮೆಯಾಗಿ ಮೆಮೊರಿ ಹೆಚ್ಚಾಗಿದ್ದರೆ ‘ಸಿಡಿ4 ಕೋಶಗಳ ಸ್ಟ್ಯಾಟ್3 ಉತ್ತರ ಇಳಿದಿದೆ’ ಎಂದು ಕಾಣುತ್ತದೆ. ಪ್ರತಿ ನೈವ್ ಕೋಶವೂ ಪ್ರತಿ ಮೆಮೊರಿ ಕೋಶವೂ ಆರೋಗ್ಯವಂತರಂತೆಯೇ ಉತ್ತರಿಸಿದ್ದರೂ ಹೀಗಾಗುತ್ತದೆ. ನೈವ್, ಮೆಮೊರಿ ಬೇರ್ಪಡಿಸುವ ಗುರುತಾದ ಸಿಡಿ45ಆರ್‌ಎ ಇಲ್ಲದ ಪ್ಯಾನೆಲಿನ ಮೇಲೆ ಕಟ್ಟಿದ ತೀರ್ಮಾನವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಲೆಕ್ಕದಲ್ಲಿ ಒಬ್ಬ ರೋಗಿ ಎಂದರೆ ಒಂದು. ಐವತ್ತು ಸಾವಿರ ಕೋಶ ಅಳೆದರೂ ಒಂದೇ. ಆರು ಸೈಟೊಕೈನ್, ಐದು ಸ್ಟ್ಯಾಟ್, ಎಂಟು ಬಗೆಯ ಕೋಶ ಎಂದರೆ 240 ಹೋಲಿಕೆ, 0.05ರ ಗೆರೆ ಇಟ್ಟುಕೊಂಡರೆ ಏನೂ ಇಲ್ಲದಿದ್ದರೂ ಹನ್ನೆರಡು ‘ಮಹತ್ವದ’ ಫಲಿತಾಂಶ ಸಿಗುತ್ತದೆ. ಮೊದಲು ಬರೆದ ಆ ಒಂದು ವಾಕ್ಯದ ಪ್ರಶ್ನೆಗೆ ಉತ್ತರ ಏನೆಂದು ಮೊದಲು ನೋಡಿ. ಉಳಿದ 239 ಮುಂದಿನ ಪ್ರಯೋಗಕ್ಕೆ ಸುಳಿವು ಮಾತ್ರ.

ಕಾರಣವೋ, ಪರಿಣಾಮವೋ

ಎಲ್ಲ ಜರಡಿ ಹಿಡಿದ ಮೇಲೂ ವ್ಯತ್ಯಾಸ ಉಳಿಯಿತು ಅನ್ನಿ. ಸಿಗ್ನಲ್ ಕೆಟ್ಟದ್ದರಿಂದ ಕಾಯಿಲೆಯೋ, ಕಾಯಿಲೆಯ ಉರಿಯೂತದಿಂದ ಸಿಗ್ನಲ್ ಕೆಟ್ಟಿದ್ದೋ ಎಂಬುದು ಫಾಸ್ಫೊ-ಫ್ಲೋ ಒಂದರಿಂದ ಗೊತ್ತಾಗುವುದಿಲ್ಲ. ಇದಕ್ಕೆ ಜೀನ್‌ಗಳ ಸಾಕ್ಷ್ಯ ಗಟ್ಟಿ. ಸ್ಟ್ಯಾಟ್3ನ್ನು ಅತಿಚುರುಕಾಗಿಸುವ ಮ್ಯುಟೇಶನ್ ಇದ್ದ ಮಕ್ಕಳಲ್ಲಿ ಎಳೆಯ ವಯಸ್ಸಿನಲ್ಲೇ ಹಲವು ಆಟೊಇಮ್ಯೂನ್ ಕಾಯಿಲೆ ಬರುವುದನ್ನು 2014ರಲ್ಲಿ ವರದಿ ಮಾಡಿದರು. ಅಲ್ಲಿ ಸಿಗ್ನಲ್ಲೇ ಮೊದಲು. ಟಿಎಲ್‌ಆರ್7 ಜೀನ್‌ನ ಒಂದು ಬದಲಾವಣೆ ಲೂಪಸ್ ತರಬಲ್ಲದು ಎಂದು 2022ರಲ್ಲಿ ಒಂದು ಮಗುವಿನಲ್ಲೂ, ಅದೇ ಬದಲಾವಣೆ ಇಟ್ಟ ಇಲಿಗಳಲ್ಲೂ ತೋರಿಸಲಾಯಿತು. ಟಿಕ್2ರ ಒಂದು ರೂಪಾಂತರ ಹಲವು ಆಟೊಇಮ್ಯೂನ್ ಕಾಯಿಲೆಗಳಿಂದ ಕಾಪಾಡುತ್ತದೆ, ಆದರೆ ತಂದೆ ತಾಯಿ ಇಬ್ಬರಿಂದಲೂ ಅದೇ ಬಂದರೆ ಕ್ಷಯದ ಅಪಾಯ ಏರುತ್ತದೆ. ಎಲ್ಲವೂ ಇಷ್ಟು ಸಲೀಸಲ್ಲ. ಪಿಟಿಪಿಎನ್22 ಎಂಬ ಫಾಸ್ಫಟೇಸಿನ 620ನೇ ಜಾಗದ ಬದಲಾವಣೆಗೂ ಟೈಪ್ 1 ಮಧುಮೇಹಕ್ಕೂ ನಂಟಿದೆ ಎಂದು 2004ರಲ್ಲೇ ಗೊತ್ತಾಯಿತು. ಅದು ಟಿ ಕೋಶದ ಸಿಗ್ನಲ್ ಏರಿಸುತ್ತದೋ ಇಳಿಸುತ್ತದೋ ಎಂದು ಆಮೇಲೆ ವರ್ಷಗಟ್ಟಲೆ ಜಗಳವಾಡಿದರು. ಅಳೆದವರ ವಿಧಾನ ಬೇರೆ ಬೇರೆ ಇದ್ದದ್ದು ಆ ಜಗಳಕ್ಕೆ ಒಂದು ಕಾರಣ ಎಂದೇ ನನ್ನ ಅನಿಸಿಕೆ.

ನಿಮ್ಮ ಕೈಯಲ್ಲಿ ಆಗುವುದು ಎರಡು. ಆರೋಗ್ಯವಂತರ ಟಿ ಕೋಶದಲ್ಲಿ ಜೀನ್ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಅನುಮಾನವಿರುವ ಜೀನ್ ಕೆಡಿಸಿ, ರೋಗಿಯಲ್ಲಿ ಕಂಡ ಸಿಗ್ನಲ್ ಹಾಗೇ ಬರುತ್ತದೆಯೇ ನೋಡುವುದು ಒಂದು. ಇನ್ನೊಂದು, ಅದೇ ರೋಗಿಯನ್ನು ಚಿಕಿತ್ಸೆಗೆ ಮುಂಚೆ ಮತ್ತು ಮೂರು ತಿಂಗಳ ನಂತರ ಅಳೆಯುವುದು, ಎರಡನೇ ಸಲ ಮುಂದಿನ ಡೋಸಿನ ಸ್ವಲ್ಪ ಮುಂಚೆ. ವಯಸ್ಸು, ಲಿಂಗ, ಜೀನ್ ಎಲ್ಲ ತಾನಾಗಿ ಹೊಂದಿರುತ್ತದೆ. ನನಗೆ ಇದೇ ಇಷ್ಟದ ವಿನ್ಯಾಸ.

ಕೀಲಿನ ಕಾಯಿಲೆಯವರಾದರೆ ಮೊಣಕಾಲಿನಿಂದ ಚಿಕಿತ್ಸೆಗೆಂದೇ ನೀರು ತೆಗೆಯುವ ದಿನ ವೈದ್ಯರೊಂದಿಗೆ ಮೊದಲೇ ಮಾತಾಡಿಕೊಂಡು, ರೋಗಿಯ ಒಪ್ಪಿಗೆ ಪಡೆದು, ಉಳಿದದ್ದನ್ನು ಕೇಳಿ ಪಡೆಯಿರಿ. ಅದೇ ಹೊತ್ತಿಗೆ ತೋಳಿನಿಂದ ರಕ್ತವನ್ನೂ ತೆಗೆಸಿ. ಕೀಲಿನ ದ್ರವ ಅಂಟಂಟಾಗಿರುತ್ತದೆ, ಆ ಅಂಟನ್ನು ಒಡೆಯುವ ಹೈಲುರಾನಿಡೇಸ್ ಕಿಣ್ವ ಹಾಕಿದರೆ ಪಿಪೆಟ್ಟಿನಲ್ಲಿ ಸಲೀಸಾಗಿ ಏರುತ್ತದೆ. ಆದರೆ ಒಂದು ಪಾಲನ್ನು ಅದಕ್ಕೂ ಮೊದಲೇ, ದ್ರವ ಕೈಗೆ ಬಂದ ಕ್ಷಣವೇ ಸ್ಥಿರಗೊಳಿಸಿ. ಅಲ್ಲಿನ ಟಿ ಕೋಶಗಳು ಐಎಲ್-6 ಹಾಕಿದರೂ ಏರದಿದ್ದರೆ, ಅವು ಕೀಲಿನೊಳಗೆ ಆಗಲೇ ಉತ್ತರ ಕೊಟ್ಟು ರಿಸೆಪ್ಟರ್ ಉದುರಿಸಿಕೊಂಡಿವೆಯೇ ಎಂದು ಆ ಪಾಲಿನ ಬುಡದ ಸ್ಟ್ಯಾಟ್3 ಮತ್ತು ಮೈಮೇಲಿನ ರಿಸೆಪ್ಟರ್ ಅಳತೆಯಿಂದ ತಿಳಿಯಬಹುದು.